ನೆಚ್ಚಿದ ಎಮ್ಮೆಯ ತಪ್ಪೇನು?

‘ಜನರಿಗೆ ಸರ್ಕಾರದ ಮೇಲೆ ವಿಶ್ವಾಸ ಹೋಗಿದೆ’ ಎಂಬ ವಾಕ್ಯ ಈಚೆಗೆ ಸಂಪಾದಕೀಯಗಳಲ್ಲಿ, ಸುದ್ದಿವಾಹಿನಿಗಳ ಚರ್ಚೆಯಲ್ಲಿ, ಬಸ್ಸಿನೊಳಗಿನ ಹರಟೆಯಲ್ಲಿಯೂ ಒಂದೇ ರಾಗದಲ್ಲಿ ಕೇಳಿಬರುತ್ತದೆ; ಅದರ ಬೆನ್ನಿಗೇ ‘ಬಿಡಿ, ಕೆಲವರ ಸ್ವಭಾವವೇ ಹಾಗೆ, ಅವರು ಯಾರನ್ನೂ ನಂಬುವುದಿಲ್ಲ’ ಎಂಬ ಸಮಾಧಾನವೂ ಬರುತ್ತದೆ. ಮೊದಲ ವಾಕ್ಯದ ವಿಶ್ವಾಸವನ್ನೂ ಎರಡನೆಯದರ ನಂಬುವಿಕೆಯನ್ನೂ ಇಂದಿನ ಮಾತುಗಾರರು ಒಂದೇ ಸರಕೆಂದು ಬಗೆದು ಅದಲುಬದಲು ಮಾಡಿ ಬಳಸುತ್ತಾರೆ. ಪದಗಳ ಬಗ್ಗೆ ಇಷ್ಟು ಧಾರಾಳಿಗಳಾದವರು ಜನರ ಸ್ವಭಾವದ ಬಗ್ಗೆ ತೀರ್ಪು ಕೊಡಲು ಮಾತ್ರ ಎಂದೂ ಹಿಂಜರಿಯುವುದಿಲ್ಲ.

ಹಳೆಯ ಮೈಸೂರಿನ ಕಡೆ ‘ವಿಶ್ವಾಸ’ವೆಂದರೆ ಅಕ್ಕರೆ. ‘ಬಹಳ ವಿಶ್ವಾಸದಿಂದ ಮಾತಾಡಿಸಿದರು’ ಎಂದಾಗ ಯಾರೂ ಯಾರನ್ನೂ ಪರೀಕ್ಷಿಸಿರುವುದಿಲ್ಲ, ಕಾಫಿ ಕೊಟ್ಟು ಕೂರಿಸಿಕೊಂಡಿರುತ್ತಾರೆ. ಕಾಗದದ ಕೊನೆಯಲ್ಲಿ ‘ಇಂತಿ ನಿಮ್ಮ ವಿಶ್ವಾಸಿ’ ಎಂದು ಬರೆಯುತ್ತಿದ್ದವರ ಭಾವವೂ ಅದೇ. ಅದೇ ಪದ ವಿಧಾನಸೌಧದ ಮೆಟ್ಟಿಲು ಹತ್ತಿದ ಕೂಡಲೇ ತಲೆಯೆಣಿಕೆಯಾಗುತ್ತದೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆದದ್ದರಿಂದ ಹೊರಟ ಮೊಕದ್ದಮೆಯಲ್ಲಿ, 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿಯೇ ಎಂದು ಹೇಳಿದ ಮೇಲೆ ‘ವಿಶ್ವಾಸಮತ’ವು ಮನೆಮಾತಾಯಿತು, 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ ಬಿದ್ದಾಗ ವಿಶ್ವಾಸದ ಮೊತ್ತ 99, ಅವಿಶ್ವಾಸದ ಮೊತ್ತ 105. ಒಮ್ಮೆ ಭರವಸೆಯನ್ನೇ ಹೇಳುತ್ತಿದ್ದ ‘ನೆಚ್ಚು’ ಎಂಬ ಅಚ್ಚಗನ್ನಡದ ಪದಕ್ಕೆ ಇದಕ್ಕಿಂತ ಕೆಟ್ಟ ಗತಿ ಬಂದಿದ್ದು, ಅದು ಈಗ ‘ನೆಚ್ಚಿನ ನಾಯಕರಿಗೆ ಹುಟ್ಟುಹಬ್ಬದ ಶುಭಾಶಯಗಳು’ ಎಂಬ ಫ್ಲೆಕ್ಸಿನಲ್ಲಿ ನೇತಾಡುತ್ತಿದೆ.

ಈ ಗೊಂದಲವನ್ನು ಅಳೆಯಲು ಕರ್ನಾಟಕದ ಗಡಿಯಾಚೆ, ಕೃಷ್ಣಗಿರಿ ಜಿಲ್ಲೆಯ ತಳಿಯ ಸಮೀಪದ ಗುಮ್ಮಳಾಪುರಕ್ಕಿಂತ ಒಳ್ಳೆಯ ಜಾಗವಿಲ್ಲ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಓಡಾಡುವ ಆ ಸೀಮೆಯಲ್ಲಿ ಕನ್ನಡಿಗರ ‘ನಂಬು’, ತಮಿಳರ ‘ನಂಬು’, ತೆಲುಗರ ‘ನಮ್ಮು’ ಒಂದೇ ಬೇರಿನವು. ಶಾಸನಸಭೆಯ ಸುದ್ದಿ ಬಂದಾಗ ಮಾತ್ರ ದಾರಿ ಕವಲೊಡೆಯುತ್ತದೆ: ಚೆನ್ನೈನ ವಾಹಿನಿ ‘ನಂಬಿಕ್ಕೈಯಿಲ್ಲಾ ತೀರ್ಮಾನಂ’ ಎಂದು ಜನರ ಪದವನ್ನೇ ಸಭೆಗೆ ಕರೆದೊಯ್ದರೆ, ಬೆಂಗಳೂರಿನ ವಾಹಿನಿ ‘ಅವಿಶ್ವಾಸ ನಿರ್ಣಯ’ ಎನ್ನುತ್ತದೆ. ಮನೆಯ ಪದವನ್ನು ಸಭೆಗೆ ಕರೆದೊಯ್ಯಲು ತಮಿಳರಿಗೆ ಇಲ್ಲದ ಸಂಕೋಚ ಕನ್ನಡದ ಅನುವಾದಕರಿಗೇಕೆ ಬಂದಿತೆಂಬುದು ತಿಳಿಯದು.

ತೆಲುಗಿನ ‘ನಮ್ಮು’ವನ್ನು ಕನ್ನಡದ ಕಿವಿಯಿಂದ ಕೇಳಿದವರಿಗೆ ಅದರ ಪಕ್ಕದಲ್ಲಿ ‘ನಮ್ಮ’ ಎಂಬುದು ಕೇಳಿಸದೇ ಇರದು. ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ಕೋಶವು ಎರಡನ್ನೂ ಬೇರೆಬೇರೆ ನಮೂದುಗಳಲ್ಲಿ ಇಟ್ಟಿರುವುದರಿಂದ ಭಾಷಾಶಾಸ್ತ್ರಜ್ಞರು ಈ ನಂಟನ್ನು ಒಪ್ಪಲಾರರು. ಆದರೂ ಗಡಿಸೀಮೆಯ ಬಳಕೆ ಕೋಶದ ವಿರುದ್ಧವೇ ಸಾಕ್ಷಿ ಹೇಳುವಂತಿದೆ: ‘ನಮ್ಮೋರು’ ಎನಿಸಿಕೊಂಡವರನ್ನು ನಂಬಲು ಕಾರಣ ಬೇಡ, ಆಚೆಯವರನ್ನು ನಂಬಲು ಪುರಾವೆ ಬೇಕು. ನಂಬುವುದೆಂದರೆ ‘ನಮ್ಮ’ದೆಂಬ ಬೇಲಿಯನ್ನು ಒಂದು ಮಾರು ಮುಂದಕ್ಕೆ ಸರಿಸುವುದು ಎಂಬ ಈ ವಾದ ಬೇರಿನ ಲೆಕ್ಕದಲ್ಲಿ ಸೋತರೂ ಬದುಕಿನ ಲೆಕ್ಕದಲ್ಲಿ ಸೋಲುವುದಿಲ್ಲ.

ಬೇಲಿಯನ್ನು ಯಾರು ಎಷ್ಟು ಸರಿಸುತ್ತಾರೆ ಎಂಬುದು ಹುಟ್ಟುಗುಣಕ್ಕೆ ಸೇರಿದ್ದೆಂದು ಮನಶ್ಶಾಸ್ತ್ರಜ್ಞರಲ್ಲಿ ಹಲವರು ಹೇಳುತ್ತಾರೆ. ಅವರು ವ್ಯಕ್ತಿತ್ವವನ್ನು ಐದು ಗುಣಗಳಾಗಿ ವಿಂಗಡಿಸುತ್ತಾರೆ: ಹೊಸದಕ್ಕೆ ತೆರೆದ ಮನಸ್ಸು, ಅಚ್ಚುಕಟ್ಟಾಗಿ ಕೆಲಸ ಮುಗಿಸುವ ಕರ್ತವ್ಯನಿಷ್ಠೆ, ಜನರೊಡನೆ ಬೆರೆಯುವ ಬಹಿರ್ಮುಖತೆ, ಜಗಳಕ್ಕಿಂತ ಹೊಂದಾಣಿಕೆಯನ್ನು ಬಯಸುವ ಸೌಮ್ಯತೆ, ಸಣ್ಣದಕ್ಕೂ ಕಳವಳಪಡುವ ಉದ್ವಿಗ್ನತೆ. ಸೌಮ್ಯ ಸ್ವಭಾವದವರು ಸಂಸತ್ತು, ನ್ಯಾಯಾಲಯ, ಪೊಲೀಸು ಮುಂತಾದ ಸಂಸ್ಥೆಗಳನ್ನು ತುಸು ಹೆಚ್ಚು ನಂಬುತ್ತಾರೆಂದೂ ಉದ್ವಿಗ್ನರು ಕಡಿಮೆ ನಂಬುತ್ತಾರೆಂದೂ ಅವರ ಸಾಮಾನ್ಯ ನಿರೀಕ್ಷೆ. ಆದರೆ ಕೋಸ್ಟಾ ಮತ್ತು ಮೆಕ್ರೇ ರೂಪಿಸಿದ ಪ್ರಸಿದ್ಧ ಮಾಪನದಲ್ಲಿ ಸೌಮ್ಯತೆಯ ಆರು ಉಪಗುಣಗಳ ಪೈಕಿ ಒಂದು ‘ಪರರನ್ನು ನಂಬುವುದು’ ಎಂಬುದೇ ಆಗಿರುವುದರಿಂದ, ಸೌಮ್ಯರು ಹೆಚ್ಚು ನಂಬುತ್ತಾರೆ ಎಂಬ ತೀರ್ಮಾನದಲ್ಲಿ ಒಂದು ಪಾಲು, ನಂಬುವವರು ನಂಬುತ್ತಾರೆ ಎಂಬುದೇ ಆಗಿ ಉಳಿಯುತ್ತದೆ.

ಇಲ್ಲಿ ಕನ್ನಡದ ಗಾದೆಯೊಂದು ಶಾಸ್ತ್ರಕ್ಕಿಂತ ಮುಂದೆ ನಡೆದಿದೆ: ‘ನೆಚ್ಚಿದ ಎಮ್ಮೆ ಕೋಣನನ್ನು ಈಯಿತು’. ಭರವಸೆ ಇಟ್ಟವರು ಕೈಕೊಟ್ಟಾಗ ನಿಟ್ಟುಸಿರಿನೊಂದಿಗೆ ಹೇಳುವ ಈ ಮಾತನ್ನು ಬಳಸುವವರು ಎಮ್ಮೆಯ ಪಕ್ಷವನ್ನು ಒಮ್ಮೆಯೂ ವಿಚಾರಿಸಿದಂತಿಲ್ಲ. ಹೆಣ್ಣುಗರುವನ್ನೇ ಹಾಕುತ್ತೇನೆಂದು ಎಮ್ಮೆ ಯಾರಿಗೂ ಭಾಷೆ ಕೊಟ್ಟಿರಲಿಲ್ಲ. ಕರು ಯಾವುದಾದರೂ ಗಿಣ್ಣು ಗಿಣ್ಣೇ, ಆಮೇಲಿನ ಹಾಲು ಹಾಲೇ. ಯಜಮಾನ ನೆಚ್ಚಿದ್ದು ಎಮ್ಮೆಯನ್ನಲ್ಲ, ಅದರ ಹೊಟ್ಟೆಯೊಳಗಿನ ಫಲಿತಾಂಶವನ್ನು. ಅಮೆರಿಕದ ರಾಜ್ಯಶಾಸ್ತ್ರಜ್ಞ ಡೇವಿಡ್ ಈಸ್ಟನ್ 1965ರಲ್ಲಿ ಜನಬೆಂಬಲವನ್ನು ಎರಡಾಗಿ ವಿಂಗಡಿಸಿದಾಗ ಹೇಳಿದ್ದೂ ಇದನ್ನೇ: ಆಳುವವರು ಇಂದು ಮಾಡಿಕೊಟ್ಟ ಕೆಲಸಕ್ಕೆ ಪ್ರತಿಯಾಗಿ ಸಿಗುವುದು ನಿರ್ದಿಷ್ಟ ಬೆಂಬಲ, ಕೆಲಸ ಕೆಟ್ಟಾಗಲೂ ವ್ಯವಸ್ಥೆಯ ಮೇಲೆ ಉಳಿಯುವುದು ವ್ಯಾಪಕ ಬೆಂಬಲ. ಕೋಣ ಹುಟ್ಟಿದ ದಿನವೇ ಎಮ್ಮೆಯನ್ನು ಮಾರಲು ಹೊರಟವನಿಗೆ ಇದ್ದದ್ದು ಮೊದಲನೆಯದು ಮಾತ್ರ, ಮುಂದಿನ ಸೂಲು ನೋಡೋಣ ಎಂದ ಅವನ ಹೆಂಡತಿಗೆ ಇದ್ದದ್ದು ಎರಡನೆಯದು. ಒಂದೇ ಮನೆ, ಒಂದೇ ಎಮ್ಮೆ, ಇಬ್ಬರ ಗುಣ ಬೇರೆ. ಸ್ವಭಾವಕ್ಕೆ ಇಷ್ಟು ಪಾಲು ಸಲ್ಲಲೇಬೇಕು. ಆದರೆ ಸೂಲು ಸೂಲಿಗೂ ಹಾಲೇ ಬತ್ತುತ್ತಿದ್ದರೆ ಆ ಹೆಂಡತಿಯ ಅನುಮಾನಕ್ಕೂ ಅವಳ ಸ್ವಭಾವವೇ ಕಾರಣವೆಂದು ಹೇಳುವುದು ಎಷ್ಟು ನ್ಯಾಯ ಎಂಬುದನ್ನು ಗಾದೆಯೂ ಕೇಳಲಿಲ್ಲ, ಐದು ಗುಣಗಳ ಮಾಪನವೂ ಕೇಳುವುದಿಲ್ಲ.

ಗುಮ್ಮಳಾಪುರದ ಕಡೆಯ ಕನ್ನಡಿಗರು ಈ ಪ್ರಶ್ನೆಯನ್ನು ಬದುಕಿ ನೋಡಿದವರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೊಸೂರು ಸೀಮೆ ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. ಅಲ್ಲಿನ ರೈತನ ಜಮೀನಿನ ಪಟ್ಟಾ, ಚಿಟ್ಟಾ ತಮಿಳಿನಲ್ಲಿ, ಆನೇಕಲ್ ಕಡೆಯ ಅವನ ನೆಂಟನ ಪಹಣಿ ಕನ್ನಡದಲ್ಲಿ. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದಿತು. ಐವತ್ತು ವರ್ಷಗಳ ನಂತರ ಬಂದ 2006ರ ತಮಿಳು ಕಲಿಕೆ ಕಾಯ್ದೆಯು ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯ ಮಾಡಿತು. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ವಿನಾಯಿತಿ ಕೋರಿ ತಮಿಳುನಾಡಿನ ಭಾಷಾ ಅಲ್ಪಸಂಖ್ಯಾತರು ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿದರು. ಶಾಸನಸಭೆ ಮಾಡಿದ ಕಾಯ್ದೆಯ ವಿರುದ್ಧ ನ್ಯಾಯಾಲಯಕ್ಕೆ ಹೋಗುವವರು ಒಂದು ಸಂಸ್ಥೆಯನ್ನು ಸಂದೇಹಿಸುತ್ತಲೇ ಇನ್ನೊಂದನ್ನು ನೆಚ್ಚಿರುತ್ತಾರೆ. ಹಾಗಿರುವಾಗ ‘ನಂಬದ ಸ್ವಭಾವ’ ಎಂಬ ಒಂದೇ ಚೀಟಿಯನ್ನು ಅವರ ಹಣೆಗೆ ಅಂಟಿಸುವುದು ಹೇಗೆ?

ಈ ಊರಿನ ಹೆಸರನ್ನು ಕನ್ನಡ ಸಾಹಿತ್ಯದಲ್ಲಿ ಉಳಿಸಿದವನು 16ನೆಯ ಶತಮಾನದ ಗುಮ್ಮಳಾಪುರದ ಸಿದ್ಧಲಿಂಗಯತಿ, ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳಲ್ಲಿ ಒಂದರ ಸಂಕಲನಕಾರ. ಆ ಗ್ರಂಥದ ಉದ್ದಕ್ಕೂ ಅಲ್ಲಮಪ್ರಭು ಎದುರಿಗೆ ಬಂದವರನ್ನು ಪ್ರಶ್ನಿಸಿಯೇ ಒಪ್ಪಿಕೊಳ್ಳುತ್ತಾನೆ, ಪ್ರಶ್ನೆಗೆ ಒಳಗಾದ ಮಹಾದೇವಿಯಕ್ಕ ಉತ್ತರಿಸಿಯೇ ಸಭೆಯಲ್ಲಿ ಸ್ಥಾನ ಪಡೆಯುತ್ತಾಳೆ. ಪ್ರಶ್ನೆ ಕೇಳುವುದು ಅಲ್ಲಿ ಅಪನಂಬಿಕೆಯ ಲಕ್ಷಣವಲ್ಲ, ನಂಬುಗೆಗೆ ಹೋಗುವ ದಾರಿ.

ಆದ್ದರಿಂದ ಸಮೀಕ್ಷೆಗಾರರು ಮನೆಬಾಗಿಲಿಗೆ ಬಂದು ‘ಸರ್ಕಾರದ ಮೇಲೆ ನಿಮಗೆ ಎಷ್ಟು ವಿಶ್ವಾಸವಿದೆ’ ಎಂದು ಕೇಳುವ ಮೊದಲು, ಕೇಳುತ್ತಿರುವುದು ಅಕ್ಕರೆಯನ್ನೋ ಎಣಿಕೆಯನ್ನೋ ನೆಚ್ಚಿಕೆಯನ್ನೋ ಎಂಬುದನ್ನು ತಾವೇ ತೀರ್ಮಾನಿಸಿಕೊಳ್ಳುವುದು ಮೇಲು. ಸೌಮ್ಯರೂ ಉದ್ವಿಗ್ನರೂ ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಅರ್ಜಿಗೆ ಅರ್ಥವಾಗುವ ಭಾಷೆಯಲ್ಲಿ ಸಕಾಲಕ್ಕೆ ಉತ್ತರ ಬರುವ ಕಚೇರಿಗಳು ಮಾತ್ರ ಎಲ್ಲ ಊರುಗಳಲ್ಲಿಯೂ ಇರುವುದಿಲ್ಲ. ಸ್ವಭಾವವನ್ನು ದೂರುವುದು ಆಳುವವರಿಗೆ ಅಗ್ಗದ ಕೆಲಸ, ಏಕೆಂದರೆ ಅದನ್ನು ತಿದ್ದುವ ಹೊಣೆ ಯಾವ ಇಲಾಖೆಗೂ ಸೇರಿಲ್ಲ.