ಹಾಯಿಹಡಗಿನ ಮರದ ಮಾದರಿ

ಹಾಯಿಹಡಗಿನ ಮರದ ಮಾದರಿ ಎಂದರೆ ಹಿಂದೆ ಬಳಕೆಯಲ್ಲಿದ್ದ ಹಾಯಿಹಡಗೊಂದನ್ನು ನಿಶ್ಚಿತ ಪ್ರಮಾಣದಲ್ಲಿ ಕಿರಿದುಗೊಳಿಸಿ ಮರದಲ್ಲಿ ನಿರ್ಮಿಸಿದ ಪ್ರತಿಕೃತಿ. ಇದನ್ನು ಆಟಿಕೆಯಿಂದ ಬೇರ್ಪಡಿಸುವುದು ಪ್ರಮಾಣಬದ್ಧತೆ. ಹಡಗಿನ ಒಡಲು, ಹಲಗೆಯ ದಪ್ಪ, ಹಾಯಿಕಂಬ, ಹಗ್ಗ ಇವೆಲ್ಲವೂ ಒಂದೇ ಲೆಕ್ಕದಲ್ಲಿ ಕಿರಿದಾಗಿರಬೇಕು. ಮೂಲ ಹಡಗು ಉಳಿದಿಲ್ಲದಿರುವಾಗ ಅದು ಹೇಗಿತ್ತೆಂಬ ಊಹೆಯನ್ನು ಪರೀಕ್ಷಿಸಲು ಮಾದರಿಯೇ ಸಾಧನವಾಗುತ್ತದೆ. ಕರ್ನಾಟಕದ ಮಟ್ಟಿಗೆ ಇಂತಹ ಮಾದರಿಗೆ ತಕ್ಕ ಹಡಗು ಪತ್ತೇಮಾರಿ.

ಪತ್ತೇಮಾರಿ ಮತ್ತು ಧಾರವಾಡದ ಹತ್ತಿ

ಪತ್ತೇಮಾರಿಯು ಭಾರತದ ಪಶ್ಚಿಮ ಕರಾವಳಿಯ ಸರಕು ಹಡಗು. ಮುಂದಕ್ಕೆ ಉದ್ದವಾಗಿ ಚಾಚಿದ ಮೂತಿ, ಮುಂದಕ್ಕೆ ವಾಲಿದ ಹಾಯಿಕಂಬಗಳು, ಓರೆಯಾಗಿ ಏರಿಸಿದ ಅಡ್ಡಮರಕ್ಕೆ ಕಟ್ಟಿದ ದೊಡ್ಡ ಹಾಯಿಗಳು ಇದರ ಲಕ್ಷಣಗಳು.

ಸಮುದ್ರವನ್ನೇ ಕಾಣದ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಗೂ ಈ ಹಡಗಿಗೂ ನಿಕಟ ಸಂಬಂಧವಿತ್ತು. ರೈಲು ಬರುವ ಮೊದಲು ಧಾರವಾಡ ಸೀಮೆಯ ಹತ್ತಿಯು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರನ್ನು ಸೇರಿ, ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದ ನೆಲ ಘಟ್ಟದ ಮೇಲಿನದಾದರೂ ಆ ಹತ್ತಿಗೆ ಮಾರುಕಟ್ಟೆಯಲ್ಲಿ ನಿಂತ ಹೆಸರು ‘ಕುಮಟಾ’! 1861–65ರ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಸರಿಯಾಗಿ ತಲುಪದೆ ಈ ವ್ಯಾಪಾರ ಏರಿತು. 1880ರ ದಶಕದಲ್ಲಿ ರೈಲುಮಾರ್ಗ ಬಂದ ಮೇಲೆ ಕುಮಟೆಯ ಮಹತ್ವ ಕುಗ್ಗಿತು. ಮುಂದೆ ಯಂತ್ರದೋಣಿಗಳೂ ಲಾರಿಗಳೂ ಬಂದು ಪತ್ತೇಮಾರಿ ಬಳಕೆಯಿಂದ ಮರೆಯಾಯಿತು.

ಆಧಾರಗಳು

ನಮ್ಮ ಕರಾವಳಿಯ ಹಡಗು ಕಟ್ಟುವ ಮೇಸ್ತ್ರಿಗಳು ಕಾಗದದ ನಕ್ಷೆಗಳನ್ನು ಅವಲಂಬಿಸಿದವರಲ್ಲ. ಅಳತೆಗಳು ಅವರ ನೆನಪಿನಲ್ಲಿಯೂ ಕೈಯಲ್ಲಿಯೂ ಇದ್ದವು. ಆದ್ದರಿಂದ ಇಂದು ಮಾದರಿ ಮಾಡುವವರು ಬಹುಮಟ್ಟಿಗೆ ವಿದೇಶಿಯರ ದಾಖಲೆಗಳನ್ನು ನೆಚ್ಚಬೇಕಾಗಿದೆ. ಇವುಗಳಲ್ಲಿ ಮುಖ್ಯವಾದವು ಎರಡು. ಜಾನ್ ಈಡ್ ಎಂಬ ಬ್ರಿಟಿಷ್ ನೌಕಾಶಿಲ್ಪಿ 1834ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಭಾರತ ಮತ್ತು ಸಿಂಹಳ ತೀರದ ನೌಕೆಗಳನ್ನು ವಿವರಿಸಿದನು. ದೊಡ್ಡ ಪತ್ತೇಮಾರಿಯ ಉದ್ದ ಸುಮಾರು 76 ಅಡಿ, ಅಗಲ ಸುಮಾರು 25 ಅಡಿ ಎಂಬುದು ಅವನ ಲೆಕ್ಕ. ಫ್ರೆಂಚ್ ನೌಕಾಧಿಕಾರಿ ಎಡ್ಮಂಡ್ ಪ್ಯಾರಿ ತನ್ನ ಸಮುದ್ರಯಾನಗಳಲ್ಲಿ ಯುರೋಪಿನ ಹೊರಗಿನ ನೌಕೆಗಳನ್ನು ಅಳೆದು ಚಿತ್ರಿಸಿದನು. 1871ರಲ್ಲಿ ಪ್ಯಾರಿಸ್ಸಿನ ನೌಕಾ ಸಂಗ್ರಹಾಲಯದ ಮೇಲ್ವಿಚಾರಕನಾದ ಬಳಿಕ ಇಂತಹ ನಕ್ಷೆಗಳಿಂದ ಮಾದರಿಗಳನ್ನೂ ಮಾಡಿಸಿದನು.

ಪ್ರಮಾಣ

ರೂಢಿಯಲ್ಲಿರುವ ಪ್ರಮಾಣಗಳಲ್ಲಿ 1:48 ಅನುಕೂಲಕರ. ಇದರಲ್ಲಿ ಒಂದು ಅಡಿ ಕಾಲು ಅಂಗುಲವಾಗುತ್ತದೆ. ಈಡ್ ವಿವರಿಸಿದ ಪತ್ತೇಮಾರಿಯು ಹೀಗೆ 19 ಅಂಗುಲ ಉದ್ದ, ಸುಮಾರು ಆರೂಕಾಲು ಅಂಗುಲ ಅಗಲವಾಗುತ್ತದೆ. ಎರಡು ಅಂಗುಲದ ಹಲಗೆ ಒಂದು ಮಿಲಿಮೀಟರಿನಷ್ಟು ತೆಳುವಾಗುತ್ತದೆ. ಉದ್ದ 48 ಪಟ್ಟು ಕಿರಿದಾದಾಗ ಹಾಯಿಯ ವಿಸ್ತೀರ್ಣ 2,304 ಪಟ್ಟು, ಒಡಲಿನ ಗಾತ್ರ 1,10,592 ಪಟ್ಟು ಕಿರಿದಾಗುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ನಿರ್ಮಾಣ

ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಒಪ್ಪುವ ಸಾಗವಾನಿ ಈ ಕೆಲಸಕ್ಕೆ ಅಷ್ಟು ಒಪ್ಪುವುದಿಲ್ಲ. ನಿಜವಾದ ಹಡಗುಗಳನ್ನು ಸಾಗವಾನಿಯಲ್ಲಿಯೇ ಕಟ್ಟುತ್ತಿದ್ದರೂ ಅದರ ಒರಟು ಎಳೆಗಳು ಕಿರಿದಾದ ಮಾದರಿಯಲ್ಲಿ ಎದ್ದು ಕಾಣುತ್ತವೆ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆಮರದಂತಹ ನಯವಾದ ಮರವೇ ಮೇಲು.

ಸಾಮಾನ್ಯ ಕ್ರಮದಲ್ಲಿ ಕೀಲ್ ಎಂಬ ಅಡಿತೊಲೆಯ ಮೇಲೆ ಪಕ್ಕೆಲುಬುಗಳನ್ನು ನಿಲ್ಲಿಸಿ ಹಲಗೆಪಟ್ಟಿಗಳನ್ನು ಹೊದಿಸುತ್ತಾರೆ. ಒಡಲಿನ ಸುತ್ತಳತೆ ನಡುವೆ ಹೆಚ್ಚು, ತುದಿಗಳಲ್ಲಿ ಕಡಿಮೆ. ಆದುದರಿಂದ ಪ್ರತಿ ಪಟ್ಟಿಯನ್ನೂ ತುದಿಯತ್ತ ಕಿರಿದಾಗಿ ಹೆರೆಯಬೇಕು. ಬಿಸಿನೀರಿನಲ್ಲಿ ನೆನೆಸಿದ ಪಟ್ಟಿಯನ್ನು ಮೆಲ್ಲನೆ ಬಾಗಿಸಿ, ಒಣಗುವವರೆಗೆ ಗುಂಡುಸೂಜಿಯಿಂದ ಬಿಗಿಹಿಡಿಯುತ್ತಾರೆ. ಎಡಕ್ಕೊಂದು, ಬಲಕ್ಕೊಂದು ಎಂದು ಸರದಿಯಲ್ಲಿ ಕೂಡಿಸದಿದ್ದರೆ ಒಡಲು ಒಂದು ಬದಿಗೆ ತಿರುಚಿಕೊಳ್ಳುತ್ತದೆ. ಹಗ್ಗಗಳಿಗೆ ಜೇನುಮೇಣ ಸವರಿದ ಹತ್ತಿಯ ದಾರ, ಹಾಯಿಗೆ ತೀರ ತೆಳುವಾದ ಹತ್ತಿಬಟ್ಟೆ ಬೇಕು. ದಪ್ಪ ಬಟ್ಟೆ ಬಳಸಿದರೆ ಹಾಯಿ ಒಣಹಾಕಿದ ಟವೆಲ್ಲಿನಂತೆ ತೋರುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಭಾರತದ ಪಶ್ಚಿಮ ಕರಾವಳಿಯ ಅನೇಕ ಸಾಂಪ್ರದಾಯಿಕ ನೌಕೆಗಳಲ್ಲಿ ಮೊದಲು ಹಲಗೆಗಳನ್ನು ಜೋಡಿಸಿ ಅನಂತರ ಪಕ್ಕೆಲುಬು ಇಡುವ ಕ್ರಮವಿತ್ತು. ಅಂತಹ ನೌಕೆಯ ಮಾದರಿಯನ್ನು ಪಾಶ್ಚಾತ್ಯ ಕ್ರಮದಲ್ಲಿ ಮಾಡಿದರೆ ಹೊರರೂಪ ಸರಿಯಿದ್ದರೂ ಕಟ್ಟುವ ಜ್ಞಾನ ಅದರಲ್ಲಿ ಉಳಿಯುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಡುವ ಎಷ್ಟೋ ಅಂದದ ಮಾದರಿಗಳಿಗೆ ಈ ದೋಷವಿದೆ.

ಕೌಂಡಿನ್ಯ

ಮಾದರಿಯ ಉಪಯೋಗಕ್ಕೆ ಇತ್ತೀಚಿನ ನಿದರ್ಶನ ಭಾರತೀಯ ನೌಕಾಪಡೆಯ ‘ಐಎನ್‌ಎಸ್‌ವಿ ಕೌಂಡಿನ್ಯ’. ಅಜಂತಾ ಗುಹೆಯ ವರ್ಣಚಿತ್ರದಲ್ಲಿರುವ ಸುಮಾರು 5ನೆಯ ಶತಮಾನದ ಹಡಗನ್ನು ಆಧರಿಸಿ ಇದನ್ನು ಗೋವೆಯಲ್ಲಿ ನಿರ್ಮಿಸಲಾಯಿತು. ಕೇರಳದ ಕುಶಲಕರ್ಮಿಗಳು ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು, ರಾಳದಿಂದ ಸಂದು ಮುಚ್ಚಿದರು. ಮೂಲ ನಕ್ಷೆ ಇಲ್ಲದ ಕಾರಣ ಅದು ನೀರಿನಲ್ಲಿ ಹೇಗೆ ವರ್ತಿಸುವುದೆಂದು ತಿಳಿಯಲು ಮದ್ರಾಸ್ ಐಐಟಿಯ ಸಹಯೋಗದಲ್ಲಿ ಮಾದರಿ ಪರೀಕ್ಷೆ ನಡೆಸಲಾಯಿತು. ಇಂತಹ ಪರೀಕ್ಷೆಗಳಲ್ಲಿ ಬಳಸುವ ನಿಯಮವನ್ನು ರೂಪಿಸಿದವನು 19ನೆಯ ಶತಮಾನದ ಇಂಗ್ಲಿಷ್ ಎಂಜಿನಿಯರ್ ವಿಲಿಯಂ ಫ್ರೌಡ್. ಅಲೆಗಳ ವಿನ್ಯಾಸ ಹೊಂದಬೇಕಾದರೆ ವೇಗವು ಪ್ರಮಾಣದ ವರ್ಗಮೂಲದಂತೆ ಇಳಿಯಬೇಕು. 1:25 ಪ್ರಮಾಣದ ಮಾದರಿಯನ್ನು ನಿಜವಾದ ಹಡಗಿನ ಐದನೆಯ ಒಂದು ಪಾಲು ವೇಗದಲ್ಲಿ ಎಳೆಯಬೇಕು.

ಕೌಂಡಿನ್ಯವು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರ್ಪಡೆಯಾಯಿತು. ಅದರ ಹಾಯಿಗಳ ಮೇಲೆ ಸೂರ್ಯನೊಂದಿಗೆ ಗಂಡಭೇರುಂಡದ ಚಿತ್ರವಿದೆ.