ಪತ್ತೇದಾರನ ಪತ್ತೆ

‘ಪತ್ತೇದಾರ’ ಎಂಬ ಶಬ್ದ ಕನ್ನಡದ ಮೂಲ ಸೊತ್ತಲ್ಲ. ಅದರ ಕೊನೆಗೆ ಅಂಟಿಕೊಂಡಿರುವ ‘ದಾರ’ ಫಾರಸಿಯದು. ಜಮಾದಾರ, ಹವಾಲ್ದಾರ, ಫೌಜದಾರರ ಜೊತೆಯಲ್ಲಿ ಕಚೇರಿಯ ಬಾಗಿಲಿನಿಂದ ನಮ್ಮ ಭಾಷೆಯೊಳಗೆ ನಡೆದು ಬಂದದ್ದು. ಹಾಗೆ ಬಂದವರಲ್ಲಿ ಹೆಚ್ಚಿನವರು ಅಧಿಕಾರಿಗಳಾಗಿಯೇ ಉಳಿದರು. ಪತ್ತೇದಾರನೊಬ್ಬ ಮಾತ್ರ ಮನೆಯವನಾದ. ಹಾಸಿಗೆಯ ಕೆಳಗೆ, ಪಠ್ಯಪುಸ್ತಕದ ನಡುವೆ, ರೈಲಿನ ಡಬ್ಬಿಯಲ್ಲಿ, ಟಾಕೀಜಿನ ಕತ್ತಲೆಯಲ್ಲಿ ಅವನು ನಮ್ಮೊಡನಿದ್ದ. ಇಷ್ಟು ಕಾಲ ಜೊತೆಗಿದ್ದವನ ಇತಿಹಾಸವನ್ನು ನಾವು ಬರೆದಿಡಲಿಲ್ಲ. ಅವನನ್ನೇ ಈಗ ಪತ್ತೆ ಹಚ್ಚಬೇಕಾಗಿದೆ. ಈ ಕೆಲಸಕ್ಕೆ ನಾನು ಪಂಡಿತನಾಗಿ ಹೊರಟಿಲ್ಲ. ಪತ್ತೇದಾರಿ ಕತೆ, ಚಿತ್ರಪಟ, ಚಿತ್ರಕತೆಗಳ ಹಳೆಯ ಅಭಿಮಾನಿಯಾಗಿ ಹೊರಟಿದ್ದೇನೆ. ಅಭಿಮಾನಿಗೆ ಅಭಿಪ್ರಾಯಗಳೂ ಇರುತ್ತವೆ, ಅವನ್ನು ಮುಚ್ಚಿಡುವುದಿಲ್ಲ.

ಶಬ್ದ ಹೊರಗಿನದಾದರೂ ಕತೆ ಹೊರಗಿನದಲ್ಲ. ಸುಮಾರು ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ವಿದ್ಯುಚ್ಚೋರನ ಕತೆಯಿದೆ. ಕಳ್ಳನೂ ಅವನನ್ನು ಹಿಡಿಯಬೇಕಾದ ತಳಾರ ಯಮದಂಡನೂ ಬಾಲ್ಯದಲ್ಲಿ ಒಟ್ಟಿಗೆ ಕಲಿತವರು. ಒಬ್ಬನು ಕಳವಿನ ವಿದ್ಯೆ ಕಲಿತರೆ ಇನ್ನೊಬ್ಬನು ಕಾವಲಿನ ವಿದ್ಯೆ ಕಲಿತ. ವಿದ್ಯುಚ್ಚೋರನು ಹಗಲೆಲ್ಲ ಕುಷ್ಠರೋಗಿಯಾಗಿ ಬಿದ್ದುಕೊಂಡಿದ್ದು ರಾತ್ರಿ ಕನ್ನ ಹಾಕುತ್ತಾನೆ. ಅರಮನೆಯ ಹಾರ ಕಳುವಾಗಲು, ಏಳು ದಿನಗಳೊಳಗೆ ಕಳ್ಳನನ್ನು ತರಬೇಕೆಂದು ಅರಸನು ತಳಾರನಿಗೆ ಗಡುವು ವಿಧಿಸುತ್ತಾನೆ. ವೇಷ, ಗಡುವು, ಸಮಬಲದ ಎದುರಾಳಿಗಳು: ಇಂದಿನ ಯಾವ ಪತ್ತೇದಾರಿ ಲೇಖಕನಾದರೂ ಆಸೆಪಡುವ ಸಾಮಗ್ರಿ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಯಮದಂಡನ ಕೈಗೆ ಮನುಷ್ಯ ಸಿಗುತ್ತಾನೆ, ಪುರಾವೆ ಸಿಗುವುದಿಲ್ಲ. ಆದ್ದರಿಂದ ಅವನು ನಾನಾ ಬಗೆಯ ದಂಡನೆಗಳನ್ನು ಪ್ರಯೋಗಿಸುತ್ತಾನೆ. ಕಳ್ಳ ಬಾಯಿ ಬಿಡುವುದಿಲ್ಲ. ಅರಸನು ಅಭಯ ಕೊಟ್ಟ ಮೇಲೆಯೇ ನಿಜ ಹೊರಬೀಳುತ್ತದೆ. ಸಾವಿರ ವರ್ಷಗಳ ಹಿಂದೆಯೇ ನಮ್ಮ ಕತೆಗಾರನು ಪೆಟ್ಟಿನಿಂದ ಸತ್ಯ ಸಿಗದು ಎಂದು ತೋರಿಸಿದ್ದಾನೆ.

ಪೆಟ್ಟಿಗೆ ಬದಲು ಸಾಕ್ಷ್ಯ ಎಂಬುದೇ ಆಧುನಿಕ ಪತ್ತೇದಾರಿ ಕತೆಯ ಬೀಜಮಂತ್ರ. 1839ರಲ್ಲಿ ಇಂಗ್ಲೆಂಡಿನ ಓದುಗರನ್ನು ಬೆಚ್ಚಿಬೀಳಿಸಿದ ‘ಠಕ್ಕನೊಬ್ಬನ ತಪ್ಪೊಪ್ಪಿಗೆ’ಯ ಕಾದಂಬರಿಯನ್ನು ಬರೆದವನು ಮೆಡೋಸ್ ಟೇಲರ್, ಮುಂದೆ ಸುರಪುರದ ಸಂಸ್ಥಾನದ ಆಡಳಿತ ನೋಡಿಕೊಂಡು ನಮ್ಮ ಜನರ ನೆನಪಿನಲ್ಲಿ ಉಳಿದವನು. ಅದಿನ್ನೂ ಅಪರಾಧಿ ತಾನೇ ಹೇಳಿಕೊಳ್ಳುವ ಕತೆ. ಎರಡು ವರ್ಷಗಳ ಬಳಿಕ, 1841ರಲ್ಲಿ, ಅಮೆರಿಕದ ಎಡ್ಗರ್ ಆಲನ್ ಪೋ ಸುಳಿವುಗಳಿಂದ ಸತ್ಯಕ್ಕೆ ನಡೆಯುವ ಪತ್ತೇದಾರನನ್ನು ಸೃಷ್ಟಿಸಿದ. 1887ರಲ್ಲಿ ಶೆರ್ಲಾಕ್ ಹೋಮ್ಸ್ ಹುಟ್ಟಿದ. ಅದಾಗಿ ಮೂರೇ ವರ್ಷಕ್ಕೆ, 1890ರಲ್ಲಿ, ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅಲ್ಲಿಂದ ಏಳು ವರ್ಷಕ್ಕೆ, 1897ರಲ್ಲಿ, ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಜಗತ್ತಿನ ಮೊದಲನೆಯದೆಂದು ಅದಕ್ಕೆ ಹೆಸರು. ಒಂದು ಕಡೆ ಭಾಷೆಯ ಕುರುಹುಗಳನ್ನು ಕೂಡಿಡುವ ಕೆಲಸ, ಇನ್ನೊಂದು ಕಡೆ ಅಪರಾಧದ ಕುರುಹುಗಳನ್ನು ಕೂಡಿಡುವ ಕೆಲಸ. ಇವೆರಡೂ ಒಂದೇ ಕಾಲದ ಮಕ್ಕಳು ಎಂದರೆ ತಪ್ಪಾಗಲಾರದು.

ಕನ್ನಡದ ಸಾಮಾನ್ಯ ಓದುಗನಿಗೆ ಈ ರುಚಿಯನ್ನು ಹತ್ತಿಸಿದವರಲ್ಲಿ ಎನ್. ನರಸಿಂಹಯ್ಯನವರ ಹೆಸರು ಮೊದಲು ಬರಬೇಕು. ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಶಾಲೆ ಕಂಡ ಈ ಮನುಷ್ಯ 1952ರಲ್ಲಿ ಪತ್ತೇದಾರ ಪುರುಷೋತ್ತಮನನ್ನು ಕನ್ನಡಕ್ಕೆ ಕೊಟ್ಟು, 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಐದುನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದಿದ್ದರು. ಇನ್ನೊಬ್ಬರು ಮ. ರಾಮಮೂರ್ತಿ. ಹಳದಿ ಕೆಂಪಿನ ಕನ್ನಡ ಬಾವುಟವನ್ನು ರೂಪಿಸಿದವರೆಂದು ಅವರನ್ನು ಎಲ್ಲರೂ ನೆನೆಯುತ್ತಾರೆ. ಪತ್ತೇದಾರಿ ಕಾದಂಬರಿಗಳ ಜನಪ್ರಿಯ ಲೇಖಕರಾಗಿದ್ದರೆಂಬುದನ್ನು ಮರೆಯುತ್ತಾರೆ. ಬಾವುಟಕ್ಕೆ ಸಿಕ್ಕ ಗೌರವ ಕಾದಂಬರಿಗೆ ಸಿಗಲಿಲ್ಲ.

ಹುಬ್ಬಳ್ಳಿ ಧಾರವಾಡಗಳ ಓದುಗನ ಸ್ಥಿತಿ ತುಸು ಬೇರೆ. 1956ರವರೆಗೆ ನಾವು ಮುಂಬಯಿ ಪ್ರಾಂತದವರು. ಮರಾಠಿ ಬಲ್ಲ ಮನೆಗಳಿಗೆ ಬಾಬೂರಾವ ಅರ್ನಾಳಕರರ ರಹಸ್ಯ ಕತೆಗಳು ಸುಲಭವಾಗಿ ಎಟಕುತ್ತಿದ್ದವು. ಸಾವಿರಕ್ಕೂ ಹೆಚ್ಚು ಪುಸ್ತಕ ಬರೆದ ಅವರ ‘ಝುಂಝಾರ’, ‘ಕಾಳಾಪಹಾಡ’ರನ್ನು ಬಲ್ಲವರು ಪುರುಷೋತ್ತಮನನ್ನು ಕಂಡಾಗ ಹಳೆಯ ನೆಂಟನ ತಮ್ಮನನ್ನು ಕಂಡಂತೆ ಬರಮಾಡಿಕೊಂಡರು. ಕೊಂಡು ಓದುವವರು ಕಡಿಮೆ. ದಿನಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳೇ ನಮ್ಮ ವಾಚನಾಲಯ. ಒಮ್ಮೆ ನನಗೆ ಸಿಕ್ಕ ಪ್ರತಿಯಲ್ಲಿ ಕೊನೆಯ ಹಾಳೆಯೇ ಇರಲಿಲ್ಲ. ನಾವು ನಾಲ್ವರು ಗೆಳೆಯರು ಎರಡು ಸಂಜೆ ಕೂತು, ಯಾರು ಎಲ್ಲಿದ್ದರು, ಯಾವ ಮಾತು ಯಾವುದಕ್ಕೆ ತಾಳೆಯಾಗುವುದಿಲ್ಲ ಎಂದು ವಾದಿಸಿ ಕೊಲೆಗಾರನನ್ನು ಗೊತ್ತುಮಾಡಿದೆವು. ಪುಸ್ತಕದ ಕರ್ತೃ ಒಪ್ಪುತ್ತಿದ್ದರೋ ಇಲ್ಲವೋ! ಆದರೆ ಸಂಶಯ ಬೇರೆ, ಸಾಬೀತು ಬೇರೆ ಎಂಬ ಭೇದವನ್ನು ನಾನು ಕಲಿತದ್ದು ಆ ಎರಡು ಸಂಜೆಗಳಲ್ಲಿ.

ವಿದ್ವಾಂಸರು ಈ ಪುಸ್ತಕಗಳನ್ನು ಕಣ್ಣೆತ್ತಿ ನೋಡಲಿಲ್ಲ. ಅದಕ್ಕೆ ಕಾರಣವೂ ಇತ್ತು. ಅವಸರದ ಬರವಣಿಗೆ, ಒಂದೇ ಅಚ್ಚಿನ ಪಾತ್ರಗಳು, ಹೊರದೇಶದ ಕತೆಗಳ ಎರಕ, ಇವು ಸುಳ್ಳಲ್ಲ. ಆದರೆ ಹೊಸದಾಗಿ ಅಕ್ಷರ ಕಲಿತವನು ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಾನಾಗಿಯೇ ಓದಿ ಮುಗಿಸಬೇಕಾದರೆ ಅವನನ್ನು ಎಳೆಯುವ ಹಗ್ಗ ಬೇಕು. ಆ ಹಗ್ಗವನ್ನು ಹೊಸೆದವರು ಇವರು. ಧಾರವಾಡದ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟಕ್ಕೆ ಏರಿದ ಓದುಗರಲ್ಲಿ ಹಲವರು ಮೊದಲು ಪುರುಷೋತ್ತಮನ ಮೆಟ್ಟಿಲನ್ನು ಹತ್ತಿ ಬಂದವರೇ ಎಂದು ನಾನು ನಂಬಿದ್ದೇನೆ.

ಇನ್ನು ಚಿತ್ರಪಟದ ಮಾತು. ಹಿಂದಿಯ ಅಪರಾಧ ಚಿತ್ರಗಳು ನಮ್ಮ ಊರುಗಳಿಗೆ ಕನ್ನಡದವಕ್ಕಿಂತ ಮೊದಲೇ ಬಂದವು. 1943ರ ‘ಕಿಸ್ಮತ್’ನಲ್ಲಿ ಅಶೋಕಕುಮಾರ ಕಿಸೆಗಳ್ಳನೇ ನಾಯಕನಾಗಬಲ್ಲನೆಂದು ತೋರಿಸಿದರು. ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಅದು ಮೂರು ವರ್ಷ ಮೀರಿ ಓಡಿತು. 1951ರ ‘ಬಾಜಿ’, 1954ರ ‘ಆರ್ ಪಾರ್’ ಚಿತ್ರಗಳ ನಿರ್ದೇಶಕ ಗುರುದತ್ತರು ಹುಟ್ಟಿದ್ದು ಬೆಂಗಳೂರಿನಲ್ಲಿ. ‘ಆರ್ ಪಾರ್’ ಮತ್ತು 1956ರ ‘ಸಿ.ಐ.ಡಿ.’ಗಳ ನೆರಳು ಬೆಳಕನ್ನು ಹಿಡಿದವರು ಮೈಸೂರಿನ ವಿ.ಕೆ. ಮೂರ್ತಿ. ಮುಂಬಯಿಯ ಇರುಳಿನಲ್ಲಿ ಅಪರಾಧಿಯ ಮುಖದ ಮೇಲೆ ಅರ್ಧ ಬೆಳಕು ಬೀಳಿಸಿದ ಕೈ ಕನ್ನಡಿಗನದೆಂದು ತಿಳಿದಾಗ ನನಗಾದ ಹೆಮ್ಮೆಯನ್ನು ಹೇಳಿಕೊಳ್ಳಲು ಸಂಕೋಚವಿಲ್ಲ.

ಮುಂದೆ ಬರಲಿರುವ ಚಿತ್ರದ ಸುದ್ದಿ ತಿಳಿಯುತ್ತಿದ್ದ ರೀತಿಯೂ ಇತಿಹಾಸದ ಭಾಗವೇ. ಎರಡೂ ಬದಿಗೆ ಚಿತ್ರ ಕಟ್ಟಿದ ಬಂಡಿ, ಮುಂದೆ ಹಲಗೆಯವರು, ಗಾಳಿಯಲ್ಲಿ ತೂರುವ ಬಣ್ಣದ ಕರಪತ್ರಗಳು, ಹಿಂದೆ ಹುಡುಗರ ದಂಡು. ಚಿತ್ರಮಂದಿರದ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರು. ಅದರಲ್ಲಿ ಕತೆಯ ಸಾರಾಂಶ ಮುಕ್ಕಾಲುಪಾಲು ಬಂದು, ಸರಿಯಾದ ಜಾಗದಲ್ಲಿ ನಿಂತುಬಿಡುತ್ತಿತ್ತು. ಉಳಿದುದನ್ನು ಬೆಳ್ಳಿತೆರೆಯ ಮೇಲೆಯೇ ನೋಡಬೇಕು. ಎಲ್ಲಿ ನಿಲ್ಲಿಸಬೇಕೆಂಬ ಕಲೆಯನ್ನು ಹೆಸರಿಲ್ಲದ ಆ ಸಾರಾಂಶಕಾರರಷ್ಟು ಚೆನ್ನಾಗಿ ಬಲ್ಲವರು ಅಪರೂಪ. ಇಂದು ಮುಂಬರುವ ಚಿತ್ರದ ತುಣುಕು ಅಂಗೈಯಲ್ಲಿಯೇ ಓಡುತ್ತದೆ; ಎರಡೂವರೆ ನಿಮಿಷದಲ್ಲಿ ಅರ್ಧ ಕತೆ ಗೊತ್ತಾಗಿಬಿಡುತ್ತದೆ. ಕಾಯುವ ಸುಖ ಹೋಯಿತು ಎಂಬುದು ನನ್ನ ದೂರು.

ಚಿತ್ರಕತೆಯ ಲೋಕದಲ್ಲಿಯೂ ಕನ್ನಡದ ಪಾಲು ದೊಡ್ಡದು. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಮುಖವಾಡದ ವೀರ ಫ್ಯಾಂಟಮ್, 1964ರಲ್ಲಿ ಆರಂಭವಾದ ಇಂದ್ರಜಾಲ ಮಾಲೆಯ ಮೂಲಕ ಭಾರತದ ಮಕ್ಕಳ ಕೈಗೆ ಬಂದ. ಆ ಮಾಲೆಯ ಆರಂಭದಲ್ಲಿ ಕೆಲಸ ಮಾಡಿದ ಅನಂತ ಪೈ ಕಾರ್ಕಳದವರು. ಅವರ ಹೆಸರಿನೊಡನೆ ಬೆಸೆದುಕೊಂಡ ‘ಅಮರ ಚಿತ್ರ ಕಥೆ’ಯ ಮೊದಲ ಹೆಜ್ಜೆ ಬಿದ್ದದ್ದು ಕನ್ನಡದಲ್ಲಿ. ಬೆಂಗಳೂರಿನಲ್ಲಿ ಪುಸ್ತಕ ವ್ಯಾಪಾರದಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ 1965ರಲ್ಲಿ ಪಾಶ್ಚಾತ್ಯ ಕಿನ್ನರಿ ಕತೆಗಳು ಮೊದಲು ಕನ್ನಡದಲ್ಲಿ ಬಂದವು. ಅದಕ್ಕೇ ಮಾಲೆಯ ‘ಕೃಷ್ಣ’ನಿಗೆ ಹನ್ನೊಂದನೆಯ ಸಂಖ್ಯೆ. ಮೊದಲಿನ ಹತ್ತನ್ನು ಇಂದು ನೋಡಬೇಕೆಂದರೆ ಎಷ್ಟು ಮನೆಗಳಲ್ಲಿ ಸಿಕ್ಕಾವು?

ಇದರ ಜೊತೆಗೇ ಪತ್ತೇದಾರಿ ಪುಸ್ತಕಗಳ ರಕ್ಷಾಪುಟಗಳನ್ನು ನೆನೆಯಬೇಕು. ಟೊಪ್ಪಿಗೆಯ ಮನುಷ್ಯ, ಹೊಗೆಯುಗುಳುವ ಪಿಸ್ತೂಲು, ಬೆದರಿದ ಹೆಂಗಸು, ಒಂದು ಕೆಂಪು ಕಲೆ. ಎರಡು ಮೂರು ಬಣ್ಣಗಳಷ್ಟೇ ಮುದ್ರಿಸುವ ಅನುಕೂಲವಿದ್ದಾಗ ಕಲಾವಿದ ಕತ್ತಲೆಯನ್ನೇ ಬಂಡವಾಳ ಮಾಡಿಕೊಂಡ. ಹೆಚ್ಚಿನವುಗಳ ಮೇಲೆ ರುಜು ಇಲ್ಲ. ಚಿತ್ರಶಾಲೆಗಳಿಗೆ ಹೆಸರಾದ ಧಾರವಾಡ, ಹುಬ್ಬಳ್ಳಿ, ಗದಗಗಳಲ್ಲಿ ಇವನ್ನು ಕಲೆಯೆಂದು ಎಣಿಸಿದವರು ವಿರಳ.

ಕನ್ನಡ ಚಿತ್ರರಂಗದಲ್ಲಿ ಗೂಢಚಾರನು ಅಬ್ಬರದಿಂದ ಕಾಲಿಟ್ಟದ್ದು 1968ರಲ್ಲಿ. ದೊರೆ ಭಗವಾನರ ‘ಜೇಡರ ಬಲೆ’ಯಲ್ಲಿ ರಾಜಕುಮಾರರು ಸಿ.ಐ.ಡಿ. 999 ಆದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಕೊನೆಗೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಪುರಾಣ ಪುರುಷನಾಗಿ ಕಂಡವನು ಕೋಟು ತೊಟ್ಟು ಪಿಸ್ತೂಲು ಹಿಡಿದಾಗ ಆದ ರೋಮಾಂಚನವನ್ನು ಆ ಕಾಲದವರೇ ಬಲ್ಲರು. ಆದರೂ ಒಂದು ಮಾತು ಹೇಳಬೇಕು: 999 ಓಡುತ್ತಾನೆ, ಹಾರುತ್ತಾನೆ, ಹಾಡುತ್ತಾನೆ, ಕೂತು ವಿಚಾರ ಮಾಡುವುದು ಕಡಿಮೆ. ಅದೇ 1978ರಲ್ಲಿ ಕಾಶಿನಾಥರ ‘ಅಪರಿಚಿತ’ ಬಂತು. ಅದರಲ್ಲಿ ನಮ್ಮ ಧಾರವಾಡದ ಸುರೇಶ ಹೆಬ್ಳೀಕರರಿದ್ದರು. ಒಂದೇ ವರ್ಷದಲ್ಲಿ ದಾರಿ ಎರಡಾಗಿ ಕವಲೊಡೆಯಿತು. ಒಂದರಲ್ಲಿ ಸಾಹಸ, ಇನ್ನೊಂದರಲ್ಲಿ ಸಂಶಯ. ನನ್ನ ಮತ ಎರಡನೆಯದಕ್ಕೆ. ‘ಅಪರಿಚಿತ’ವನ್ನು ಕಾಶಿನಾಥರೇ 1981ರಲ್ಲಿ ಹಿಂದಿಗೆ ಒಯ್ದರು. ಸುನೀಲಕುಮಾರ ದೇಸಾಯಿಯವರ ‘ತರ್ಕ’ ಹಾಡುಗಳನ್ನೇ ಕಿತ್ತೆಸೆದು, ಪ್ರೇಕ್ಷಕನಿಗೆ ಉಸಿರಾಡಲು ಬಿಡದೆ ಕತೆ ಹೇಳಿತು. ತಮಿಳು, ಮಲೆಯಾಳಗಳು ಅದನ್ನು ಎರವಲು ಪಡೆದವು. ಬ್ಯಾಂಕು ದರೋಡೆಯ ಕತೆಯಾದ 1993ರ ‘ನಿಷ್ಕರ್ಷ’ದಲ್ಲಿಯೂ ದೇಸಾಯಿಯವರು ಅದೇ ಹಟ ಉಳಿಸಿಕೊಂಡರು.

ಅನಂತರ ಗಾಳಿ ಬದಲಾಯಿತು. 1995ರ ‘ಓಂ’ ಬಲವಾದ ಚಿತ್ರ. ಮತ್ತೆ ಮತ್ತೆ ಬಿಡುಗಡೆಯಾದರೂ ಜನ ಕಿಕ್ಕಿರಿದರು. ಆದರೆ ಅದರ ಹಿಂದೆ ಬಂದ ಮಚ್ಚಿನ ಚಿತ್ರಗಳ ಸಾಲಿನಲ್ಲಿ ಪತ್ತೇದಾರನಿಗೆ ಕೆಲಸವೇ ಉಳಿಯಲಿಲ್ಲ. ಅಪರಾಧಿ ಯಾರೆಂಬುದು ಮೊದಲ ದೃಶ್ಯದಲ್ಲಿಯೇ ಗೊತ್ತು. ಉಳಿದದ್ದು ಯಾರು ಯಾರನ್ನು ಕಡಿಯುತ್ತಾರೆಂಬ ಲೆಕ್ಕ. ಇನ್ನು ಪೊಲೀಸನು ನಾಯಕನಾದ ಚಿತ್ರಗಳಲ್ಲಿ ಗುಂಡೇ ತೀರ್ಪು. ನಾವು ತಿರುಗಿ ಯಮದಂಡನ ದಂಡನೆಗೇ ಬಂದಂತಾಯಿತು. 1872ರ ಸಾಕ್ಷ್ಯ ಕಾಯಿದೆಯ 25ನೆಯ ಕಲಮು, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಪುರಾವೆಯಾಗಿ ಹೂಡುವಂತಿಲ್ಲವೆಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿಯೂ ಆ ನಿಯಮ ಉಳಿದಿದೆ. ಕಾನೂನಿಗೆ ಗೊತ್ತಿರುವುದನ್ನು ಚಿತ್ರಮಂದಿರದ ಚಪ್ಪಾಳೆ ಮರೆತರೆ ಅದು ಆತಂಕದ ವಿಷಯ. ಹಾಗೆಂದು ನಿರಾಶನಾಗಬೇಕಿಲ್ಲ. 2019ರಲ್ಲಿ ಬಂದ ‘ಬೆಲ್ ಬಾಟಂ’ ಹಳೆಯ ಪತ್ತೇದಾರಿಯ ಅಭಿಮಾನಿಯೊಬ್ಬನನ್ನೇ ನಾಯಕನನ್ನಾಗಿ ಮಾಡಿತು. ಅದೇ ವರ್ಷದ ‘ಕವಲುದಾರಿ’ ಹಳೆಯ ಕಡತದ ಧೂಳು ಕೊಡವಿ ತನಿಖೆಯ ತಾಳ್ಮೆಯನ್ನು ತೋರಿಸಿತು. ಮುಂದಿನ ಚಿತ್ರಗಳಲ್ಲಿ ನಾನು ಕಾಯುತ್ತಿರುವುದು ಇಂಥವನ್ನು.

ಇದೆಲ್ಲ ಕಾಲಹರಣದ ಮಾತು ಎಂದು ಯಾರಾದರೂ ಅಂದಾರು. ಅವರಿಗೆ ಧಾರವಾಡದ ಒಂದು ಮುಂಜಾವನ್ನು ನೆನಪಿಸಬೇಕಾಗಿದೆ. 2015ರ ಆಗಸ್ಟ್ 30ರಂದು ಡಾ. ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲಿಯೇ ಗುಂಡಿಟ್ಟು ಕೊಂದರು. ಅವರೂ ಒಂದು ಅರ್ಥದಲ್ಲಿ ಪತ್ತೇದಾರರೇ. ಶಾಸನದ ಒಂದು ಅಕ್ಷರ, ಹಸ್ತಪ್ರತಿಯ ಒಂದು ಪಾಠ, ಊರ ಹೆಸರಿನ ಒಂದು ತುಂಡು ಹಿಡಿದು ಶತಮಾನಗಳ ಹಿಂದಿನ ಸಂಗತಿಯನ್ನು ಹೊರತೆಗೆಯುವ ಆ ಕೆಲಸದ ಫಲವೇ ‘ಮಾರ್ಗ’ ಸಂಪುಟಗಳು. ಅವರ ಕೊಲೆಯ ಗಂಟು ನೂರೈವತ್ತು ಪುಟಗಳಲ್ಲಿ ಬಿಚ್ಚಲಿಲ್ಲ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರ ಕೊಲೆಯಾಯಿತು. ಗುಂಡು ಮತ್ತು ಖಾಲಿ ತೋಟಾಗಳ ಮೇಲಿನ ಗುರುತುಗಳನ್ನು ಹೋಲಿಸಿ, ಎರಡೂ ಕಡೆ ಬಳಸಿದ ಪಿಸ್ತೂಲು ಒಂದೇ ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ಕಲಬುರ್ಗಿಯವರ ಪತ್ನಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2019ರ ಫೆಬ್ರುವರಿಯಲ್ಲಿ ತನಿಖೆ ವಿಶೇಷ ತಂಡದ ಕೈಗೆ ಬಂದು, ಅದೇ ಆಗಸ್ಟಿನಲ್ಲಿ ಆರೋಪಪಟ್ಟಿ ಸಲ್ಲಿಕೆಯಾಯಿತು. ನಾಲ್ಕು ವರ್ಷ! ಲೋಹದ ಮೇಲಿನ ಕೂದಲೆಳೆಯಷ್ಟು ಸಣ್ಣ ಗೀರುಗಳನ್ನು ಕಾಯ್ದಿಟ್ಟು ಹೋಲಿಸುವವರು ಇಲ್ಲದಿದ್ದರೆ ಆ ಎರಡು ಸಾವುಗಳ ನಡುವಣ ಕೊಂಡಿ ಕತ್ತಲೆಯಲ್ಲಿಯೇ ಇರುತ್ತಿತ್ತು. ಸಾಕ್ಷ್ಯಕ್ಕಾಗಿ ಕಾಯುವ ಸಹನೆ ಒಂದು ಸಮಾಜಕ್ಕೆ ತಾನಾಗಿ ಬರುವುದಿಲ್ಲ, ಕತೆಗಳಿಂದಲೂ ಬರುತ್ತದೆ.

ಆದಕಾರಣ ಕೇಳುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಅಟ್ಟದ ಮೇಲೆ ಪುರುಷೋತ್ತಮನ ಸಾಹಸಗಳಿರಬಹುದು, ಹರಿದ ಹಾಡಿನ ಪುಸ್ತಕವಿರಬಹುದು, ಕರಪತ್ರಗಳ ಕಟ್ಟು ಇರಬಹುದು, ಕನ್ನಡದ ಆ ಮೊದಲ ಚಿತ್ರಕತೆಗಳಲ್ಲಿ ಒಂದಿರಬಹುದು. ರದ್ದಿಯವನ ತಕ್ಕಡಿಗೆ ಹಾಕುವ ಮುನ್ನ ಒಂದು ಕ್ಷಣ ನಿಲ್ಲಿರಿ. ಹತ್ತಿರದ ಗ್ರಂಥಾಲಯಕ್ಕೋ ಕಾಲೇಜಿಗೋ ತಿಳಿಸಿರಿ. ಅವರು ಬೇಡವೆಂದರೆ ಪ್ರಕಟಣೆಯ ವರ್ಷ, ಬೆಲೆ, ಚಿತ್ರಕಾರನ ಹೆಸರು ಇದ್ದರೆ ಅದನ್ನು ಒಂದು ನೋಟುಬುಕ್ಕಿನಲ್ಲಿಯಾದರೂ ಬರೆದಿಡಿರಿ. ನಾಳೆ ಈ ಇತಿಹಾಸವನ್ನು ಬರೆಯಲು ಹೊರಡುವವನಿಗೆ ಅದೇ ಸುಳಿವಾದೀತು.