ಸಿಸೇರಿಯನ್ ಗಾಯಕ್ಕೆ ಇನ್‌ಫ್ರಾರೆಡ್ ಶಾಖ: ಉಪಯೋಗವೆಷ್ಟು, ಎಚ್ಚರವೇನು?

ಕಡಬ ತಾಲ್ಲೂಕಿನ ಆಲಂಕಾರು, ಪಕ್ಕದ ಪುತ್ತೂರು ಹಾಗೂ ಸುಳ್ಯದ ಮನೆಗಳಲ್ಲಿ ಬಾಣಂತನವೆಂದರೆ ಎಣ್ಣೆ ತಿಕ್ಕಿ ಹಂಡೆಯ ಬಿಸಿನೀರು ಹೊಯ್ಯುವ ಸ್ನಾನಕ್ಕೆ ಮೊದಲ ಸ್ಥಾನ. ಆದರೆ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ತಾಯಿಯ ಹಸಿ ಹೊಲಿಗೆಗೆ ಈ ಕಾವು ಒಗ್ಗದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸಿಸೇರಿಯನ್ ಪ್ರಮಾಣ 2015-16ರಲ್ಲಿ ಶೇ. 23.6 ಇದ್ದುದು 2019-21ರಲ್ಲಿ ಶೇ. 31.5ಕ್ಕೇರಿದೆ. ಹೀಗಾಗಿ ನೋವು ಶಮನಕ್ಕೆ ಬಳಸುವ ಇನ್‌ಫ್ರಾರೆಡ್ ದೀಪದ ಕುರಿತು ತಿಳಿವಳಿಕೆ ಅಗತ್ಯವಾಗಿದೆ.

ಏನಿದು ಕಿರಣ?

ಕಣ್ಣಿಗೆ ಕಾಣುವ ಕೆಂಪು ಬೆಳಕಿನಾಚೆ ಇರುವ ಈ ಕಿರಣಕ್ಕೆ ಕನ್ನಡದಲ್ಲಿ ಅವಕೆಂಪು ಎಂಬ ಹೆಸರಿದೆ. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಉಷ್ಣಮಾಪಕದ ನೆರವಿನಿಂದ ಇದನ್ನು ಪತ್ತೆ ಮಾಡಿದರು. ದೀಪದ ಕಿರಣ ಚರ್ಮವನ್ನು ಬೆಚ್ಚಗಾಗಿಸಿದಾಗ ರಕ್ತನಾಳಗಳು ಹಿಗ್ಗುತ್ತವೆ, ರಕ್ತಸಂಚಾರ ಹೆಚ್ಚುತ್ತದೆ, ಬಿಗಿದ ಸ್ನಾಯು ಸಡಿಲಗೊಂಡು ನೋವು ತಗ್ಗುತ್ತದೆ.

ಮಿತಿ ಎಲ್ಲಿ?

ಸಿಸೇರಿಯನ್‌ನಲ್ಲಿ ಚರ್ಮ, ಕೊಬ್ಬು, ಸ್ನಾಯುಗಳ ಮೇಲಿನ ಗಟ್ಟಿ ಪೊರೆ, ಗರ್ಭಕೋಶ ಹೀಗೆ ಹಲವು ಪದರಗಳನ್ನು ಕೊಯ್ಯಲಾಗುತ್ತದೆ. ದೀಪದ ಶಾಖ ಕೆಲವೇ ಮಿಲಿಮೀಟರ್ ಒಳಗಿಳಿಯುವುದರಿಂದ ಗರ್ಭಕೋಶದ ಹೊಲಿಗೆಯನ್ನು ಅದು ಮುಟ್ಟುವುದಿಲ್ಲ. ಈ ಕುರಿತ ಅಧ್ಯಯನಗಳೂ ಚಿಕ್ಕವು, ವಿಧಾನದಲ್ಲಿ ಏಕರೂಪತೆ ಇಲ್ಲದವು. ಆದ್ದರಿಂದ ಇದು ನೋವು ನಿವಾರಕ ಮಾತ್ರೆ, ಗಾಯದ ಶುಚಿತ್ವ ಮತ್ತು ಪೌಷ್ಟಿಕ ಆಹಾರಕ್ಕೆ ಪೂರಕವಾಗಬಹುದೇ ವಿನಾ ಅವುಗಳಿಗೆ ಬದಲಿಯಲ್ಲ.

ಬಳಸುವ ಕ್ರಮ

ವೈದ್ಯರು ಅಥವಾ ಭೌತಚಿಕಿತ್ಸಕರು ಸೂಚಿಸಿದರೆ ಮಾತ್ರ ಬಳಸಬೇಕು. ಸಾಮಾನ್ಯವಾಗಿ ದೀಪವನ್ನು ಸುಮಾರು 50 ಸೆಂ.ಮೀ. ದೂರವಿರಿಸಿ 10ರಿಂದ 20 ನಿಮಿಷ ಶಾಖ ನೀಡಲಾಗುತ್ತದೆ. ಹತ್ತಿರ ತಂದಷ್ಟೂ ಶಾಖದ ತೀವ್ರತೆ ಬಹು ಪಟ್ಟು ಏರುತ್ತದೆ. ಕೊಯ್ದ ಗಾಯದ ಸುತ್ತ ಹಲವು ತಿಂಗಳು ಸ್ಪರ್ಶಜ್ಞಾನ ಮಂದವಾಗಿರುವುದರಿಂದ ಸುಟ್ಟರೂ ತಾಯಿಗೆ ಅರಿವಾಗದಿರಬಹುದು. ಅದೇ ಇಲ್ಲಿನ ದೊಡ್ಡ ಅಪಾಯ. ಬೆನ್ನುಹುರಿ ಅರಿವಳಿಕೆಯ ಮಂಪರು ಇಳಿಯುವ ಮೊದಲು, ರಕ್ತ ಸೋರುತ್ತಿರುವಾಗ, ಜ್ವರವಿದ್ದಾಗ ಶಾಖ ಕೊಡಬಾರದು. ಗಾಯಕ್ಕೆ ಎಣ್ಣೆ ಅಥವಾ ಮುಲಾಮು ಹಚ್ಚಿದ್ದರೆ ಮೊದಲು ಒರೆಸಬೇಕು. ಮಗುವನ್ನು ದೀಪದಿಂದ ದೂರವಿಡಬೇಕು.

ಯಾವಾಗ ಆಸ್ಪತ್ರೆಗೆ?

ಹೊಲಿಗೆ ಕೆಂಪಾಗಿ ಊದಿಕೊಂಡರೆ, ಕೀವು ಅಥವಾ ದುರ್ವಾಸನೆ ಬಂದರೆ, ಗಾಯ ಬಿಚ್ಚಿಕೊಂಡರೆ, ಜ್ವರ ಬಂದರೆ, ನೋವು ದಿನೇದಿನೇ ಹೆಚ್ಚಿದರೆ ಅವು ಸೋಂಕಿನ ಲಕ್ಷಣಗಳು. ಇಂಥ ಸಂದರ್ಭದಲ್ಲಿ ಕಾವು ಕೊಟ್ಟು ಕಾಯುವುದು ಸಲ್ಲದು. ಬಾಣಂತಿಯನ್ನು ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹೆರಿಗೆಯ ನಂತರ 42 ದಿನಗಳವರೆಗೆ ಮನೆಗೆ ಭೇಟಿ ನೀಡುವ ಆಶಾ ಕಾರ್ಯಕರ್ತೆಯರಿಗೂ ಈ ಲಕ್ಷಣಗಳನ್ನು ತಿಳಿಸಬಹುದು. ಹಂಡೆಯ ಬಿಸಿನೀರಿರಲಿ, ವಿದ್ಯುತ್ ದೀಪವಿರಲಿ, ಹಿತವಾದ ಬೆಚ್ಚಗೆಗೂ ಸುಡುವ ಶಾಖಕ್ಕೂ ಇರುವ ಅಂತರವನ್ನು ಮನೆಯವರು ಅರಿತಿರಬೇಕು.